ಮಹಾಲಿಂಗಪ್ಪ ಸುಳಿ ನೋಡಿ ತಂದ ಮೋಟಾರು

ರಾಜೂರಿನ ಮಹಾಲಿಂಗಪ್ಪನಿಗೆ ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಗುಣ ಹೇಳಲು ಬರುತ್ತಿತ್ತು. ಅದೊಂದು ಬರುತ್ತದೆಂಬ ಕಾರಣಕ್ಕೆ ಲೋಕದಲ್ಲಿ ಮಿಕ್ಕಿದ್ದೆಲ್ಲವೂ ತನಗೆ ಬರುತ್ತದೆಂದು ನಂಬಿದ್ದ. ಗಜೇಂದ್ರಗಡದ ದನದ ಸಂತೆಗೆ ಅವನು ಬಂದನೆಂದರೆ ಜನ ದಾರಿ ಬಿಡುತ್ತಿದ್ದರು. ಎತ್ತಿನ ಹಣೆ ನೋಡಿ, ಹಲ್ಲು ಎಣಿಸಿ, ಬೆನ್ನ ಮೇಲೊಮ್ಮೆ ಕೈಯಾಡಿಸಿ, "ಹೂಂ, ನಡೀತೈತಿ" ಅನ್ನುತ್ತಿದ್ದ. ಇಲ್ಲವೇ "ಮನಿ ಮುರೀತೈತಿ, ಬಿಡು" ಅನ್ನುತ್ತಿದ್ದ. ಆ ಮಾತಿಗೆ ಮೇಲ್ಮಾತಿಲ್ಲ. ಆದರೆ ನಲವತ್ತು ವರ್ಷದಲ್ಲಿ ಒಂದು ಎತ್ತಿನ ಗೊರಸನ್ನೂ ಅವನು ಬಗ್ಗಿ ನೋಡಿದವನಲ್ಲ. ಬಗ್ಗುವುದು ಆಳಿನ ಕೆಲಸ. ಪಟಕಾ ಸುತ್ತಿದ ತಲೆ ಮಠದ ಸ್ವಾಮಿಗಳ ಮುಂದೆ ಬಿಟ್ಟು ಬೇರೆಲ್ಲೂ ಬಾಗಬಾರದು. ಅವನ ಮಾತು ಕೇಳಿ ಗೊರಸು ಒಡೆದ ಎತ್ತು ಮನೆಗೆ ಹೊಡೆದುಕೊಂಡು ಹೋದವರೂ ಇದ್ದರು. ಅವರು ಮಾನಕ್ಕಂಜಿ ಬಾಯಿ ಬಿಡುತ್ತಿರಲಿಲ್ಲ, ಅಷ್ಟೇ.

ಇಂಥವನು ಮೋಟಾರು ಕೊಂಡ. ಎರಡನೇ ಮಹಾಯುದ್ಧ ಮುಗಿದು ಎಂಟೊಂಬತ್ತು ವರ್ಷವಾಗಿತ್ತು. ದಂಡಿನವರು ಮಾರಿಬಿಟ್ಟ ಗಾಡಿಗಳು ಹುಬ್ಬಳ್ಳಿಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ಅವುಗಳಲ್ಲೊಂದು, ಮುಂದೆ ಇಬ್ಬರು ಕೂಡುವ, ಹಿಂದೆ ಸಾಮಾನು ಹೇರುವ ತೆರೆದ ಪಿಕಪ್ಪು. ಮಹಾಲಿಂಗಪ್ಪ ಅದನ್ನು ನೋಡಿದ ರೀತಿಯನ್ನು ಅದನ್ನು ಓಡಿಸಿ ತರಲು ಜೊತೆಗೆ ಹೋಗಿದ್ದ ಡ್ರೈವರ್ ನಿಜಾಮುದ್ದೀನ ಆಮೇಲೆ ಗಜೇಂದ್ರಗಡದ ಚಹಾದಂಗಡಿಗಳಲ್ಲೆಲ್ಲ ಆಡಿ ತೋರಿಸುತ್ತಿದ್ದ. ದೀಪ ನೋಡಿ, "ಕಣ್ಣ ದೊಡ್ಡವು ಅದಾವ, ಬೆದರೂ ಜಾತಿ ಅಲ್ಲ" ಅಂದನಂತೆ. ಹಾರ್ನ್ ಹೊಡೆಸಿ, "ದನಿ ಭಾರ ಐತಿ" ಅಂದನಂತೆ. ಮುಂದಿನ ಜಾಲರಿಯ ಪಟ್ಟಿ ಎಣಿಸಿ, "ಹಲ್ಲ ಪೂರಾ ಅದಾವ" ಅಂದನಂತೆ. ಕೆಳಗೆ ನೋಡಲಿಲ್ಲ. ನೋಡಿದ್ದರೆ, ಆ ಗಾಡಿ ಏಳು ವರ್ಷ ಕಾರವಾರದ ದಂಡೆಯಲ್ಲಿ ಉಪ್ಪು, ಒಣಮೀನು ಹೊತ್ತು ಹೊತ್ತು, ಮೈಯನ್ನೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟೇ, ಅಂದರೆ ಚಾಸಿಯೇ, ಗೆದ್ದಲು ತಿಂದ ತೊಲೆಯ ಹಾಗಾಗಿದ್ದು ಕಾಣುತ್ತಿತ್ತು. ಮೂಗಿಗೆ ಬಂದ ವಾಸನೆಗೂ ಅವನ ಬಳಿ ಅರ್ಥವಿತ್ತು: "ದಂಡಿನ ವಾಸನಿ." ವಾರಕ್ಕೆ ಎರಡು ಸಲ ಲಿಂಗಪೂಜೆಯ ವಿಭೂತಿಯನ್ನು ಆ ಒಣಮೀನಿನ ಬಂಡಿಗೆ ಬಳಿಯುತ್ತಿದ್ದ.

ಆ ಮನೆಯ ಸೊಸೆ ಹೊನ್ನವ್ವ. ಧಾರವಾಡದಲ್ಲಿ ಮ್ಯಾಟ್ರಿಕ್‌ವರೆಗೆ ಓದಿದವಳು, ಹತ್ತು ತಿಂಗಳ ಗಂಡುಕೂಸಿನ ತಾಯಿ. ಅಂಜುಬುರುಕಿ ಎಂದು ಮನೆಯವರೆಲ್ಲ ನಗುತ್ತಿದ್ದರು. ಕೂಸಿಗೆ ನೀರು ಕುದಿಸದೆ ಕುಡಿಸುವವಳಲ್ಲ. ಕೂಸು ಸೀನಿದರೆ ಸಾಕು, ದವಾಖಾನೆ ಅನ್ನುವವಳು. ಒಂದು ಮುಂಜಾನೆ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ ಕೂಸು ಏನೋ ಚಪ್ಪರಿಸುತ್ತಿತ್ತು. ಓಡಿ ಬಾಯಿಗೆ ಬೆರಳು ಹಾಕಿ ತೆಗೆದರೆ, ಕಂದು ಬಣ್ಣದ ಚೂರು. ಬೆಲ್ಲವೆಂದುಕೊಂಡಳು. ಬೆಲ್ಲವಲ್ಲ, ಕಬ್ಬಿಣ. ಮೋಟಾರಿನ ಹೊಟ್ಟೆಯಡಿಯಿಂದ ಉದುರಿದ ತುಕ್ಕು.

ಅಂದಿನಿಂದ ಅಲ್ಲಿ ಅವಳೇ ಕಸ ಹೊಡೆದಳು. ಮೊದಲು ರವೆಯಷ್ಟು ಸಣ್ಣಗೆ ಉದುರುತ್ತಿದ್ದುದು ಹದಿನೈದು ದಿನದಲ್ಲಿ ಅವಲಕ್ಕಿಯಷ್ಟಾಯಿತು. ಆಮೇಲೆ ಹಪ್ಪಳದ ಮುರುಕಿನಷ್ಟು.

"ಅಲ್ರೀ, ಮೋಟಾರ ಉದರಾಕ ಹತ್ತೇತಿ," ಎಂದಳು ಗಂಡ ಗುರುಸಂಗಪ್ಪನಿಗೆ.

"ಅಪ್ಪ ನೋಡ್ಯಾನಲ್ಲ."

"ಬಗ್ಗಿ ನೋಡ್ಯಾರೇನು?"

"ಅಪ್ಪ ಬಗ್ಗೂದಿಲ್ಲ," ಎಂದ ಗುರುಸಂಗಪ್ಪ, ಸೂರ್ಯ ಮೂಡಣಕ್ಕೆ ಹುಟ್ಟುತ್ತಾನೆ ಅನ್ನುವ ಧಾಟಿಯಲ್ಲಿ. ಅವನೂ ಬಗ್ಗಲಿಲ್ಲ. ಅಪ್ಪನ ಪಟಕಾ ಇನ್ನೂ ತಲೆಗೆ ಬಂದಿರಲಿಲ್ಲ, ಆದರೆ ಅದರ ಬಿಗಿ ಆಗಲೇ ಕುತ್ತಿಗೆಗೆ ಬಂದಿತ್ತು.

ನಿಜಾಮುದ್ದೀನನಂತೂ ಕೆಳಗೆ ಮಲಗಿ ನೋಡಿದ್ದ. ಬೊಗಸೆ ತುಂಬ ತುಕ್ಕು ತಂದು ಕಟ್ಟೆಯ ಮೇಲೆ ಸುರಿದ.

"ಯಜಮಾನ್ರ, ಇದು ಚಾಸಿ ಅಲ್ರಿ, ಹೋಳಿಗಿ. ಮುಟ್ಟಿದ್ರ ಪದರ ಪದರ ಬಿಚ್ಚತೈತಿ."

"ಎತ್ತ ಹಳೇ ಕೂದಲಾ ಉದರಸೂದಿಲ್ಲೇನೋ ನಿಜಾಮ? ಹಂಗ ಇದು. ಹೊಸಾದ ಬರತೈತಿ."

"ಕಬ್ಬಿಣಕ್ಕ ಹೊಸಾದ ಬರೂದಿಲ್ರಿ. ಮ್ಯಾಲಿನ ಡಬ್ಬಿ ಇಳಿಸಿ, ಕೊಳತದ್ದು ಕೊಯ್ದ ಒಗದು, ದಪ್ಪನ ಪಟ್ಟಿ ಕೂಡಿಸಿ ರಿವಿಟ್ ಹೊಡೀಬೇಕ್ರಿ. ಗದಗಿನ್ಯಾಗ ಮಾಡತಾರ."

"ನಿಂತ ಎತ್ತಿನ ಹೊಟ್ಟಿ ಕೊಯ್ಯತೀಯೇನ? ನೀ ಎಷ್ಟ ಎತ್ತ ಕಂಡಿ?"

ಅಲ್ಲಿಗೆ ಮಾತು ಮುಗಿಯಿತು. ಮಹಾಲಿಂಗಪ್ಪ ತನ್ನ ಔಷಧ ಮಾಡಿಸಿದ. ತೂತುಗಳಿಗೆ ಡಾಂಬರಿನಲ್ಲಿ ಅದ್ದಿದ ಗೋಣಿಚೂರು ತುರುಕಿಸಿ, ಮೇಲೆ ಅಗಸೆ ಎಣ್ಣೆಯಲ್ಲಿ ಕಲಸಿದ ಹುರಮಂಜಿ ಬಳಿಸಿದ. ಹೊಸ್ತಿಲಿಗೆ ಹಚ್ಚುವ ಅದೇ ಕೆಂಪು ಹುರಮಂಜಿ. ಹೊರಗೆ ಥಳಕು, ಒಳಗೆ ಹುಳುಕು. ಬೀದಿಯವರು ಬಂದು, "ಏನ ಹೊಳಪರೀ!" ಅಂದರು. ನಿಜಾಮುದ್ದೀನ ಮಾತ್ರ ಅಂದಿನಿಂದ ತನ್ನ ಬಾಗಿಲಿಗೆ ಚಿಲಕ ಹಾಕದೆ ಗಾಡಿ ನಡೆಸತೊಡಗಿದ. ಕೇಳಿದರೆ, "ಹೊರಗ ಜಿಗ್ಯಾಕ ಸಲೀಸ ಆಕ್ಕೈತಿ" ಅನ್ನುತ್ತಿದ್ದ.

ಹೀಗಿರುವಾಗ ಕೂಸಿನ ಜವಳ ಬಂತು. ಮೊದಲ ಕೂದಲನ್ನು ಇಟಗಿಯ ಭೀಮಾಂಬಿಕೆಗೆ ಕೊಡುವ ಹರಕೆ. ಹುಣ್ಣಿಮೆಯ ದಿನ ಹದಿನಾರು ಮಂದಿ ಬಂಧುಗಳು, ಅಕ್ಕಿ ಬೆಲ್ಲದ ಚೀಲ, ಹಂಡೆ, ಎಲ್ಲ ಮೋಟಾರಿನಲ್ಲೇ ಎಂದು ಮಹಾಲಿಂಗಪ್ಪ ಕಟ್ಟೆಯ ಮೇಲೆ ಕೂತು ಅಪ್ಪಣೆ ಕೊಟ್ಟ. ಇಟಗಿಯ ದಾರಿ ಹೊನ್ನವ್ವನಿಗೆ ಗೊತ್ತಿತ್ತು. ನಡುವೆ ಹಳ್ಳವಿತ್ತು, ಇಳಿಜಾರಿತ್ತು, ಕಲ್ಲಿತ್ತು. ಮಾವನ ಎದುರು ನಿಂತು ಮಾತಾಡುವ ರೂಢಿ ಆ ಮನೆಯ ಸೊಸೆಯಂದಿರಿಗಿಲ್ಲ. ಅತ್ತೆ ಚನ್ನವ್ವನ ಮುಂದೆ ಅತ್ತಳು.

"ಅತ್ತಿ, ಕೂಸಿನ್ನ ಬಂಡ್ಯಾಗ ಕರಕೊಂಡ ಹೋಗೂಣ್ರಿ. ಆ ಮೋಟಾರ ನಡಬರಕ ಮುರೀತೈತಿ."

"ನಿನ್ನ ಸಾಲಿ ಸುಡ್ಲಿ. ಶುಭ ಕೆಲಸಕ್ಕ ಹೊಂಟಾಗ ಮುರೀತೈತಿ ಅಂತಾರೇನ? ಹುಣ್ಣಿಮಿ ಬಂದು ಬಾಗಲಾಗ ನಿಂತೈತಿ."

ಮರುದಿನ ಗಂಡಸರೆಲ್ಲ ಹೊಲಕ್ಕೆ ಹೋದಾಗ ಹೊನ್ನವ್ವ ಗೋಣಿ ಹೊಲಿಯುವ ದಬ್ಬಣ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೋಟಾರಿನ ಕೆಳಗೆ ನುಸುಳಿದಳು. ಅಲ್ಲಿ ಚುಚ್ಚಿದಳು, ಇಲ್ಲಿ ಚುಚ್ಚಿದಳು. ಹಿಂದಿನ ಗಾಲಿಯ ಹಿಂದೆ, ಚಾಸಿಯ ಬಾಲ ಹೊರಗೆ ಚಾಚಿದ ಕಡೆ, ದಬ್ಬಣ ಹುರಮಂಜಿ ದಾಟಿ ಹಿಡಿಯವರೆಗೂ ಹೋಯಿತು. ಮೂಲಂಗಿಗೆ ಚುಚ್ಚಿದ ಹಾಗೆ. ಕೆಳಗೇ ಮಲಗಿ ಅವಳು ದಬ್ಬಣ ಕಿತ್ತು ತುಕ್ಕು ಒರೆಸಿದಳು. ಆಮೇಲೆ ಯೋಚಿಸಿದಳು.

ಅಂದೇ ಸಂಜೆ ಬಹಳ ವಿನಯದಿಂದ ಕೇಳಿದಳು: "ಅತ್ತಿ, ನಮ್ಮ ಧಾರವಾಡದಾಗ ಕೂಸು ಮೊದಲನೇ ಸಲ ಮೋಟಾರ ಹತ್ತೂವಾಗ ಕಾಯಿ ಕಲ್ಲಿಗೆ ಒಡೆಯೂದಿಲ್ರಿ. ಮೋಟಾರಿನ ಬೆನ್ನೆಲುಬಿಗೇ ಒಡೀತಾರ. ಇಲ್ಲಾಂದ್ರ ಕೂಸಿಗೆ ದೃಷ್ಟಿ ಅಂತ. ಇಲ್ಲಿ ಹ್ಯಾಂಗರಿ?"

ಅಂಥ ಪದ್ಧತಿ ಧಾರವಾಡದಲ್ಲಿರಲಿಲ್ಲ. ಎಲ್ಲಿಯೂ ಇರಲಿಲ್ಲ. ತುಕ್ಕು ತೋರಿಸಿದರೆ ನಗುವವರು ದೃಷ್ಟಿಯೆಂದರೆ ಬೆವರುತ್ತಾರೆಂದು ಅವಳು ಎರಡು ವರ್ಷದಲ್ಲಿ ಕಲಿತಿದ್ದಳು. ಮ್ಯಾಟ್ರಿಕ್‌ಗಿಂತ ಅದೇ ಉಪಯೋಗಕ್ಕೆ ಬಂತು.

"ನಾವೇನ ಧಾರವಾಡದವರಕಿಂತ ಕಡಿಮಿ ಏನ? ನಮ್ಮಲ್ಲೂ ಹಂಗ ಮಾಡತಾರ," ಎಂದಳು ಚನ್ನವ್ವ ಕೂಡಲೇ.

ಹುಣ್ಣಿಮೆಯ ಮುಂಜಾನೆ ಹದಿನಾರು ಮಂದಿ ಹತ್ತಿ ಕೂತರು. ಹೊನ್ನವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು, ಪೂಜೆ ಮಾಡುವವಳಂತೆ ಹಿಂದೆ ಹೋಗಿ, ದಬ್ಬಣ ಇಳಿದ ಜಾಗ ಹುಡುಕಿ ಅಲ್ಲಿಗೇ ಕುಂಕುಮ ಹಚ್ಚಿದಳು.

"ಯಜಮಾನ್ರ, ಹೊಡೀರಿ," ಎಂದ ನಿಜಾಮುದ್ದೀನ. ಕುಂಕುಮದ ಜಾಗ ನೋಡಿದೊಡನೆ ಅವನಿಗೆ ತಿಳಿದಿತ್ತು. ಎಂಜಿನ್ ಚಾಲೂ ಮಾಡದೆ ಕೆಳಗಿಳಿದು ದೂರ ನಿಂತಿದ್ದ.

ಹೊಡೆಯಬೇಕಾದರೆ ಬಗ್ಗಬೇಕು. ಮಹಾಲಿಂಗಪ್ಪ ಕಾಯಿಯನ್ನು ಮಗನ ಕೈಗೆ ಕೊಟ್ಟ. "ಗಟ್ಟ್ಯಾಗಿ ಒಡಿಯೋ ಗುರುಸಂಗ. ದಂಡಿನ ಕಬ್ಬಿಣ ಅದು, ನಾ ಆರಿಸಿದ್ದು. ಎರಡ ಹೋಳ ಆಗಬೇಕ ನೋಡು!"

ಗುರುಸಂಗಪ್ಪ ಜುಟ್ಟಿನ ಕಾಯಿ ಎತ್ತಿ ಕುಂಕುಮದ ಮೇಲೆ ಬಡಿದ. ಠಣ್ ಅನ್ನಲಿಲ್ಲ. ಒಣಗಿದ ಸೋರೆಕಾಯಿ ತುಳಿದಂತೆ ಲೊಟ್ಟೆಂದಿತು. ಕಾಯಿ ಹಾಗೇ ಒಳಹೊಕ್ಕು ಜುಟ್ಟು ಹೊರಗಿಟ್ಟುಕೊಂಡು ಕೂತಿತು. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದಂತೆ ಕರಕರ ಎಂದು ಶಬ್ದ ಬಂತು. ಹದಿನಾರು ಮಂದಿಯ ಭಾರಕ್ಕೆ ಮೋಟಾರಿನ ಹಿಂದಿನ ಮೂಲೆ, ಮುದಿ ಎಮ್ಮೆ ಮಂಡಿಯೂರುವ ಹಾಗೆ, ನಿಧಾನಕ್ಕೆ ಕುಸಿಯಿತು. ಹಂಡೆ ಉರುಳಿತು. ಹೆಂಗಸರು ಕಿರುಚುತ್ತ ಧುಮುಕಿದರು. ಯಾರಿಗೂ ಏನೂ ಆಗಲಿಲ್ಲ. ಹೊನ್ನವ್ವ ಕೂಸಿನ ನೆತ್ತಿಗೆ ಮೂಗಿಟ್ಟು ನಿಂತೇ ಇದ್ದಳು.

"ಹಲ್ಲ ಪೂರಾ ಅದಾವ ಬಿಡ್ರಿ," ಎಂದ ನಿಜಾಮುದ್ದೀನ ಮೆಲ್ಲಗೆ.

ಆಗ ಮಹಾಲಿಂಗಪ್ಪ ಬಗ್ಗಿದ. ನಲವತ್ತು ವರ್ಷದಲ್ಲಿ ಮೊದಲ ಸಲ, ಪಟಕಾವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇಡೀ ಊರಿನೆದುರು ಬಗ್ಗಿದ. ಈಗಲಾದರೂ ನೋಡುತ್ತಾನೆಂದುಕೊಂಡಳು ಹೊನ್ನವ್ವ. ಅವನು ಕಾಯಿಯನ್ನು ಕಿತ್ತು ಹೊರತೆಗೆದ. ಕೊಳೆತ ಚಾಸಿ ಅವನ ಮೂಗಿನ ಮುಂದೆಯೇ ಬಾಯಿ ಬಿಟ್ಟುಕೊಂಡಿತ್ತು. ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಕಾಯಿಯ ತುಕ್ಕು ಧೋತರಕ್ಕೆ ಒರೆಸಿ ಎತ್ತಿ ಹಿಡಿದ.

"ನೋಡ್ರಿ! ಕಾಯಿ ಒಡದಿಲ್ಲ! ತಾಯಿಗೆ ನಾವು ಮೋಟಾರನ್ಯಾಗ ಬರೂದ ಮನಸ ಇಲ್ಲ. ನಂಗ ಮೊದಲ ಅನಿಸಿತ್ತು. ಬಂಡಿ ಹೂಡ್ರಿ!"

ಮೂರು ಬಂಡಿ ಹೂಡಿದರು. ಹೊನ್ನವ್ವ ಹುಲ್ಲಿನ ಮೆತ್ತೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಇಟಗಿಗೆ ಹೋದಳು. ಬೆನ್ನು ಮುರಿಯುವಷ್ಟು ಕುಲುಕಿತು. ಹೋಗುವಾಗಲಿ ಬರುವಾಗಲಿ ಅವಳು ಹುಶ್ ಅನ್ನಲಿಲ್ಲ.

ಮೋಟಾರನ್ನು ಹಿತ್ತಿಲಿಗೆ ಎಳೆದು ಬಿಟ್ಟರು. ಅದರ ಮೇಲೆ ಒಣಗಿದ ಜೋಳದ ಕಣಿಕೆ ಒಟ್ಟಿದರು. ಮಹಾಲಿಂಗಪ್ಪನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ, ಹೇಳಲು ಒಂದು ಕತೆ ಸಿಕ್ಕಿತು. ಮೋಟಾರಿನ ಬೆನ್ನಿಗೆ ಕಾಯಿ ಒಡೆಸಿ ಮೊಮ್ಮಗನ ಜೀವ ಉಳಿಸಿದ್ದು ತಾನೇ ಎಂದು ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದ. "ಎಲ್ಲಿ ಒಡೀಬೇಕಂತ ಸೈತ ನಂಗ ಸುಳಿ ಕಂಡಿತ್ತು ನೋಡ್ರಿ," ಅನ್ನುತ್ತಿದ್ದ. ಕೇಳುವವರು ಹೂಂಗುಡುತ್ತಿದ್ದರು. ಆ ಹೊತ್ತಿಗೆ ಒಳಗೆ ಹೊನ್ನವ್ವ ರೊಟ್ಟಿ ಬಡಿಯುತ್ತಿದ್ದರೆ, ಆ ಮಾತಿಗೆ ಬಡಿತ ಜೋರಾಗಿ ಸಪ್ಪಳ ಕಟ್ಟೆಯವರೆಗೂ ಕೇಳುತ್ತಿತ್ತು.