ದುರ್ಗಮ್ಮನ ಕ್ಯಾಸೆಟ್ಟು

ಮನುಷ್ಯ ಅಳಿದರೂ ಅವನಾಡಿದ ಮಾತು ಉಳಿಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರ ಹತ್ತಿರ ಟೇಪ್‌ರೆಕಾರ್ಡರ್ ಇರಲಿಲ್ಲ. ನನ್ನ ಹತ್ತಿರ ಇತ್ತು. ದುರ್ಗಮ್ಮನ ತೀರಿಹೋದ ಮಗನ ಮಾತನ್ನು ಅಳಿಸಿದವನು ನಾನು— ತಿಳಿಯದೆ ಅಲ್ಲ, ತಿಳಿದೇ.

ಎಂಬತ್ತರ ದಶಕದ ಕೊನೆಗೆ ಭಟ್ಕಳದಲ್ಲಿ ಗುಮಾಸ್ತನಾಗಿದ್ದೆ, ಒಂಟಿ. ದುಬೈಯಿಂದ ಬಂದ ಗೆಳೆಯನೊಬ್ಬ ತನಗೆ ಬೇಡವಾದ ಪುಟ್ಟ ಕಂಪ್ಯೂಟರೊಂದನ್ನು ನನಗೆ ದಾಟಿಸಿದ್ದ. ಟಿ.ವಿ.ಗೆ ಸಿಕ್ಕಿಸಿದರೆ ಅಕ್ಷರ ಮೂಡುತ್ತಿತ್ತು. ಬರೆದದ್ದು ಉಳಿಯಬೇಕಾದರೆ ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿಗೆ ತುಂಬಬೇಕು. ಆ ಕಂಪ್ಯೂಟರಿಗೆ ನಾನು ಕಲಿಸಿದ ಘನವಿದ್ಯೆಯೆಂದರೆ— ಸಂಜೆ ನನ್ನ ಹೆಸರು ಹಿಡಿದು "ಊಟ ಆಯಿತೆ?" ಎಂದು ಕೇಳುವುದು. ನಾನು ಉತ್ತರ ಬರೆಯುತ್ತಿದ್ದೆ, ದಿನದ ಸುದ್ದಿಯನ್ನೂ. ತಿಂಗಳುಗಟ್ಟಲೆ. ಆ ಬರಹಕ್ಕೆಲ್ಲ 'ಖಾಸಗಿ ಕಡತ' ಎಂದು ಹೆಸರಿಟ್ಟಿದ್ದೆ, ಕಚೇರಿಯ ರೋಗ.

ಪಕ್ಕದ ಮನೆಯ ದುರ್ಗಮ್ಮ ಬಂದರದಿಂದ ಮೀನು ತಂದು ಮಾರುವವಳು. ಮಗ ಮಾದೇವ ಮಸ್ಕತ್ತಿಗೆ ದೋಣಿಯ ಕೆಲಸಕ್ಕೆ ಹೋದವನು ಅಲ್ಲೇ ಜ್ವರದಲ್ಲಿ ತೀರಿಕೊಂಡಿದ್ದ. ಓದು ಬಾರದ ತಾಯಿಗೆ ಅವನು ಮಾತಾಡಿ ಕಳಿಸಿದ್ದ ಒಂದೇ ಒಂದು ಕ್ಯಾಸೆಟ್ಟು ಉಳಿದಿತ್ತು. ಆದಿತ್ಯವಾರ ತಪ್ಪದೆ ನನ್ನಲ್ಲಿಗೆ ಬಂದು ಕೇಳುತ್ತಿದ್ದಳು. "ಅವ್ವೆ, ಕೆಮ್ಮಿಗೆ ಮದ್ದು ತಕಂಡ್ಯಾ?" ಎಂದು ಅವನೆಂದಾಗಲೆಲ್ಲ, "ತಕಂಡೆ ಮಾರಾಯಾ, ಎಷ್ಟ್ ಸಲ ಹೇಳೂದು!" ಎಂದು ಪೆಟ್ಟಿಗೆಗೇ ಗದರುತ್ತಿದ್ದಳು.

ಯಾರೂ ಅಳಿಸದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಎರಡು ಚಿಕ್ಕ ತುಂಡುಗಳನ್ನು ನಾನೇ ಮುರಿದಿದ್ದೆ. "ಇನ್ನು ಇದರ ಮೇಲೆ ಯಾರೂ ಏನೂ ತುಂಬುವ ಹಾಗಿಲ್ಲ" ಎಂದು ಘೋಷಿಸಿದ್ದೆ, ಸರಕಾರದ ಪರವಾಗಿ ಎಂಬಂತೆ. ನಂಬಿ ಅದನ್ನು ನನ್ನಲ್ಲೇ ಇಟ್ಟಳು.

ಒಂದು ಶುಕ್ರವಾರ ಮಧ್ಯಾಹ್ನ ರಜೆಯಲ್ಲಿದ್ದೆ. ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ನನ್ನ ಕ್ಯಾಸೆಟ್ಟು ರೆಕಾರ್ಡರಿಗೆ ಸಿಕ್ಕಿ ಹರಿಯಿತು. ಅದೇ ಹೊತ್ತಿಗೆ ಕಂಪ್ಯೂಟರಿನಿಂದ ಸುಟ್ಟ ವಾಸನೆ. ಪರದೆಯ ಅಕ್ಷರಗಳು ನಡುಗತೊಡಗಿದವು. ಅದು ಆರಿದರೆ ಒಳಗಿನದೆಲ್ಲ ಹೋದಂತೆ. ಹೊಸ ಕ್ಯಾಸೆಟ್ಟಿಗೆಂದು ಅಂಗಡಿಗೆ ಓಡಿದೆ— ನಮಾಜಿನ ಹೊತ್ತು, ಬಾಗಿಲು ಹಾಕಿತ್ತು. ಸ್ವಲ್ಪ ಕಾಯಬಹುದಿತ್ತು. ಕಾಯಲಿಲ್ಲ. ತುಂಡು ಮುರಿದ ಕಿಂಡಿಗೆ ಕಾಗದ ಅಂಟಿಸಿದರೆ ಮತ್ತೆ ತುಂಬಬಹುದೆಂದು ಗೊತ್ತಿತ್ತು; ಅಂಟಿಸಿ, ಅವಳ ಕ್ಯಾಸೆಟ್ಟಿನ ಮೇಲೇ ನನ್ನ ಕಡತ ತುಂಬಿದೆ. ಅದರ ಹಿಂಬದಿ ಖಾಲಿಯಿತ್ತು. ಕಿಂಡಿ ಮುಚ್ಚುವಷ್ಟು ವ್ಯವಧಾನ ಇದ್ದವನಿಗೆ ತಿರುಗಿಸಿ ಹಾಕುವಷ್ಟು—

ಆದಿತ್ಯವಾರ ಬಂದಳು. ಹೇಳಬೇಕೆಂದುಕೊಂಡೆ, ಹೇಳುವ ಬದಲು ಗುಂಡಿ ಒತ್ತಿದೆ. ಕಿರ್ರೆಂಬ ಸದ್ದು— ನನ್ನ ಕಡತ ಕಿವಿಗೆ ಕೇಳುವುದೇ ಹಾಗೆ. ಅದು ಮುಗಿದು ಮಗ ಮಾತಾಡಿಯಾನೆಂದು ಅವಳು ಕಾದಳು. ಕೊನೆಯವರೆಗೂ ಕಾದಳು.

"ಎಂತ ಆತು ಭಟ್ರೆ?"

ನಾನು ಕ್ಯಾಸೆಟ್ಟನ್ನು ಹೊರತೆಗೆದೆ. ಅವಳು ತನ್ನ ಕೈ ನೋಡಿಕೊಂಡಳು.

"ಹೋದ ವಾರ ನಾನೇ ಹಿಡ್ಕಂಡಿದ್ದೆ ಅದನ್ನ. ಮೀನಿನ ಕೈ. ನೀರು ತಾಗಿ ಹಾಳಾತೇನ?"

"ಇರಬಹುದು" ಎಂದೆ.

ದನಿ ಅಳಿಸಿದ್ದು ಗಾಬರಿಯಲ್ಲಿ ಎಂದಾದರೂ ಹೇಳಿಕೊಳ್ಳಬಹುದು. ಈ ಒಂದು ಶಬ್ದಕ್ಕೆ ಯಾವ ಗಾಬರಿಯೂ ಇರಲಿಲ್ಲ. ಕಂಪ್ಯೂಟರ್ ಆ ಮಳೆಗಾಲ ದಾಟಲಿಲ್ಲ. ನನ್ನ ಕಡತವನ್ನು ಓದಬಲ್ಲ ಇನ್ನೊಂದು ಯಂತ್ರ ಸಿಗಲೂ ಇಲ್ಲ. ದುರ್ಗಮ್ಮಾ, ನಿನ್ನ ಕೈಯಿಂದ ಏನೂ ಹಾಳಾಗಿರಲಿಲ್ಲ— ಇದನ್ನು ನೀನು ಬದುಕಿರುವಾಗ, ನಿನ್ನ ಜಗಲಿಗೇ ಬಂದು—

ಆಮೇಲೆ ಅವಳು ಬಂದರೆ ಬಾಗಿಲ ಹೊರಗೇ ನಿಂತು ಮಾತಾಡಿ ಹೋಗುತ್ತಿದ್ದಳು. ನನಗೆ ಹೊನ್ನಾವರಕ್ಕೆ ವರ್ಗವಾಗುವವರೆಗೂ ನನ್ನ ಮನೆಯ ಯಾವ ವಸ್ತುವನ್ನೂ ಅವಳು ಮುಟ್ಟಲಿಲ್ಲ.