ಪ್ಲಾಸ್ಟಿಕ್ ತೆಗೆಯದ ಕಾರು

ಮೊನ್ನೆ ಮಗ ಹೊಸ ಕಾರು ತಂದ. ಬಿಸಿಲಿಗೆ ನಿಂತಿದ್ದ ಕಾರಿನ ಬಾಗಿಲು ತೆರೆದದ್ದೇ ತಡ, ಸೀಟಿನ ಪ್ಲಾಸ್ಟಿಕ್ ಕಾದ ವಾಸನೆ ಮುಖಕ್ಕೆ ಹೊಡೆಯಿತು. ನಾನು ಹತ್ತಲಿಲ್ಲ. ಸೌದಿಯ ಖಮೀಸ್ ಮುಶೈತ್‌ನಲ್ಲಿ ನಮ್ಮ ನೆರೆಮನೆಯಲ್ಲಿದ್ದವನು ನೆನಪಾದ. ನಲವತ್ತು ವರ್ಷವಾಗುತ್ತ ಬಂತು, ಆ ಮನುಷ್ಯನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ.

ಅವನೂ ನಮ್ಮ ಊರಿನ ಕಡೆಯವನೇ. ನಮ್ಮ ಸಾಲಿನಲ್ಲಿ ಕಾರಿದ್ದದ್ದು ಅವನೊಬ್ಬನಿಗೆ. ಅಮೆರಿಕದ ಪುಟ್ಟ ಶೆವೆಟ್, ಎರಡೇ ಬಾಗಿಲು. ಪೆಟ್ರೋಲು ನೀರಿಗಿಂತ ಅಗ್ಗವಾಗಿದ್ದ ದೇಶದಲ್ಲಿ, ಇದು ಪೆಟ್ರೋಲೇ ಕುಡಿಯುವುದಿಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದ. ಹಿಂಬಾಗಿಲನ್ನು ಮೇಲಕ್ಕೆತ್ತಿ, ಹಿಂದಿನ ಸೀಟು ಮಡಚಿ, ಎಷ್ಟು ಸಾಮಾನು ಹಿಡಿಯುತ್ತದೆಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಕೊಂಡು ಎರಡು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ತೆಗೆದಿರಲಿಲ್ಲ.

ನಾನಾಗ ಏಳು ತಿಂಗಳ ಬಸುರಿ. ಒಂದು ಮಧ್ಯಾಹ್ನ ನೋವು ಶುರುವಾಯಿತು, ರಕ್ತ ಕಾಣಿಸಿತು. ಗಂಡ ಅಂಗಡಿಯಲ್ಲಿದ್ದರು. ಅವನ ಬಾಗಿಲು ಬಡಿದೆ. ಇಲ್ಲವೆನ್ನದೆ ಹೊರಟ. ನಾನು ಮುಂದಿನ ಸೀಟಿಗೆ ಹತ್ತಲು ಹೋದೆ.

"ಎದುರು ಕೂತ್ಕೊಳ್ಳುದು ಬೇಡ ತಂಗಿ. ಪೊಲೀಸರು ಕಂಡ್ರೆ ನನ್ನ ಇಕಾಮಾ ಹೋದೀತು," ಎಂದ.

ಪರಪುರುಷನ ಪಕ್ಕ ಕೂರುವಂತಿರಲಿಲ್ಲ, ನಿಜ. ಇಕಾಮಾ ಹೋದರೆ ಆ ದೇಶದಲ್ಲಿ ಉಳಿಯುವಂತೆಯೂ ಇಲ್ಲ. ಆದರೆ ಹಿಂದಿನ ಸೀಟನ್ನು ಮಡಚಿಟ್ಟಿದ್ದ, ಅದರ ಮೇಲೆ ಅವನ ಸಾಮಾನು. ಕಾರ್ಪೆಟ್ಟು, ಕಪ್-ಬಸಿಗಳ ಪೆಟ್ಟಿಗೆ, ಇನ್ನೂ ಏನೇನೋ… ಒಂದೊಂದಾಗಿ ಮನೆಯೊಳಗೆ ಇಟ್ಟು ಬಂದ. ಸೀಟು ಎತ್ತಿ ನಿಲ್ಲಿಸಿದ. ಆಮೇಲೆ ಪ್ಲಾಸ್ಟಿಕ್ಕಿನ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹಾಸತೊಡಗಿದ.

"ಅಣ್ಣ, ಬೇಗ…"

"ಎರಡು ನಿಮಿಷ ನಿಲ್ಲಿ ಮಾರಾಯ್ರೆ. ಕಲೆ ಆದ್ರೆ ಹೋಗುದಿಲ್ಲ."

ಗೋಡೆ ಹಿಡಿದು ನಿಂತಿದ್ದೆ. ಕೊನೆಗೆ ಮುಂದಿನ ಸೀಟನ್ನು ಬಗ್ಗಿಸಿದ ಸಂದಿಯಲ್ಲಿ ಹೊಟ್ಟೆ ಹಿಡಿದುಕೊಂಡು ಹಿಂದಕ್ಕೆ ತೆವಳಿದೆ. ದಾರಿ ನೆನಪಿಲ್ಲ… ಬೆನ್ನಿಗೆ ಅಂಟಿದ ಬಿಸಿ ಪ್ಲಾಸ್ಟಿಕ್ ನೆನಪಿದೆ.

ಹೆಣ್ಣು ಮಗು. ಉಳಿಯಲಿಲ್ಲ. ಸ್ವಲ್ಪ ಮೊದಲು ಬಂದಿದ್ದರೂ ಕಷ್ಟವಿತ್ತು ಎಂದರು ಡಾಕ್ಟರು. ಗಂಡ ನಂಬಿದರು, ನಾನು ನಂಬಲಿಲ್ಲ. ಮನೆಗೆ ಮರಳಿದ ದಿನ ಕಿಟಕಿಯಿಂದ ನೋಡಿದರೆ, ಅಂದು ಹಾಸಿದ್ದ ಪ್ಲಾಸ್ಟಿಕ್ಕನ್ನು ತೊಳೆದು ಹಗ್ಗದ ಮೇಲೆ ಒಣಗಲು ಹಾಕಿದ್ದ. ಅದನ್ನು ಬಿಸಾಡಲೂ ಆ ಜಿಪುಣನಿಗೆ ಮನಸ್ಸು ಬಂದಿರಲಿಲ್ಲ.

ಕಳೆದ ವರ್ಷ ಊರಿನಲ್ಲೇ ತೀರಿಕೊಂಡ. ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನೇ ಅಲ್ಲವೇ ಎಂದು ಗಂಡ ನನ್ನನ್ನೂ ಸಾವಿನ ಮನೆಗೆ ಹೊರಡಿಸಲು ನೋಡಿದರು. ಹೌದು, ಅವನೇ. ಆದರೂ ನಾನು ಹೋಗಲಿಲ್ಲ.

"ಎಂತ ಅಮ್ಮ, ಹತ್ತುದಿಲ್ವಾ?" ಎಂದ ಮಗ. "ಪ್ಲಾಸ್ಟಿಕ್ ಸ್ವಲ್ಪ ದಿನ ಇರ್ಲಿ, ಸೀಟು ಹಾಳಾಗುದಿಲ್ಲ."

ಅಡುಗೆಮನೆಯಿಂದ ಕತ್ತರಿ ತಂದು ಹಿಂದಿನ ಸೀಟಿನ ಪ್ಲಾಸ್ಟಿಕ್ಕನ್ನು ಉದ್ದಕ್ಕೂ ಸೀಳಿ ಎಳೆದು ಹಾಕಿದೆ. ಮಗ ಬಾಯಿಬಿಟ್ಟು ನೋಡುತ್ತಿದ್ದ.

"ನಿನಗೊಬ್ಬಳು ಅಕ್ಕ ಇದ್ದಳು," ಎಂದೆ. ಅವನಿಗೆ ಅದನ್ನು ಹೇಳಿದ್ದು ಅದೇ ಮೊದಲು.