ಅಳತೆ ಮೂರು, ಹಾಕಿದ್ದು ಐದು

ಬೆಳಕು ಹರಿಯುವ ಮುನ್ನವೇ ಟೇಪಣ್ಣ ಏಣಿಯನ್ನು ಗೋಡೆಗೆ ಒರಗಿಸುತ್ತಾರೆ. ಬೇಸಿಗೆಯಲ್ಲಿ ಅಟ್ಟ ಹತ್ತುವವರು ಸೂರ್ಯನಿಗಿಂತ ಮೊದಲು ಹತ್ತಬೇಕು. ಒಂಬತ್ತು ಗಂಟೆ ದಾಟಿದರೆ ಕಾದ ಕಾವಲಿಯ ಮೇಲೆ ಕುಳಿತಂತೆಯೇ ಸರಿ. ಇಡೀ ಮನೆಯನ್ನು ತಂಪಾಗಿಡುವ ಎಸಿ ಯಂತ್ರದ ಒಳಭಾಗ ಕೂತಿರುವುದು ಆ ಅಟ್ಟದಲ್ಲಿ.

ಎದುರಿಗೆ ಒಂದೇ ಕಾಂಪೌಂಡಿನಲ್ಲಿ ಎರಡು ಮನೆಗಳು. ಒಂದು ಅಣ್ಣನದು, ಒಂದು ತಮ್ಮನದು. ಒಂದೇ ನಕ್ಷೆ, ಒಂದೇ ಬಗೆಯ ಸೂರು, ಎಣಿಸಿದರೆ ಅಲ್ಲಿ ಒಂಬತ್ತು ಕಿಟಕಿ, ಇಲ್ಲೂ ಒಂಬತ್ತು. ಇಂದಿನ ಕರೆ ಬಂದಿರುವುದು ತಮ್ಮನ ಮನೆಯಿಂದ. ಟೇಪಣ್ಣ ಮೊದಲ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಅಣ್ಣನ ಮನೆಯ ಬಾಗಿಲು ತೆರೆಯುತ್ತದೆ. ಹೊರಗೆ ಬರುವವರು ತಮ್ಮನ ಹೆಂಡತಿ, ಕಂಕುಳಲ್ಲಿ ದಿಂಬು.

“ಇದೇನು ತಾಯೀ, ಬೆಳಬೆಳಿಗ್ಗೆ ದಿಂಬಿನ ಜೊತೆ ಸವಾರಿ?”

“ಅಕ್ಕನ ಮನೇಲಿ ಮಲಗಿದ್ದೆ ಟೇಪಣ್ಣ. ನಮ್ಮನೇಲಿ ಮಲಗಿದ್ರೆ ಕೆಮ್ಮಿ ಕೆಮ್ಮಿ ಪಕ್ಕೆ ಹಿಡ್ಕೊಳ್ಳುತ್ತೆ. ಮೂರು ಬೇಸಿಗೆಯಿಂದ ಇದೇ ಪಾಡು. ಡಾಕ್ಟ್ರು ಮನೆ ತೇವ ಅಂತಾರೆ. ಇವರು, ಐದು ಟನ್ ಎಸಿ ಇರೋ ಮನೇಲಿ ತೇವ ಎಲ್ಲಿಂದ ಬರುತ್ತೆ ಅಂತಾರೆ.”

ಟೇಪಣ್ಣನ ಕಾಲು ಮೆಟ್ಟಿಲಿನಿಂದ ಜಾರುತ್ತದೆ. ಏಣಿಯನ್ನು ಹಿಡಿದುಕೊಂಡು ನಿಲ್ಲುತ್ತಾರೆ. ಆ ಐದು ಟನ್ನಿನ ಯಂತ್ರವನ್ನು ಎಂಟು ವರ್ಷಗಳ ಹಿಂದೆ ಇದೇ ಅಟ್ಟಕ್ಕೆ ಏರಿಸಿದವರು ಅವರೇ.

ಟೇಪಣ್ಣ ಎಂಬ ಹೆಸರು ಹೇಗೆ ಬಂತೆಂಬುದಕ್ಕೆ ಬೀದಿಯಲ್ಲಿ ಎರಡು ಕಥೆಗಳಿವೆ. ಮದುವೆಗೆ ಹೆಣ್ಣು ನೋಡಲು ಹೋದಾಗ ಆ ಮನೆಯ ಕಿಟಕಿಗಳನ್ನು ಅಳೆದುಕೊಂಡು ಬಂದರೆಂಬುದು ಒಂದು. ಜೇಬಿನಲ್ಲಿ ಅಳತೆಪಟ್ಟಿ ಇಟ್ಟುಕೊಂಡೇ ಮಲಗುತ್ತಾರೆಂಬುದು ಇನ್ನೊಂದು. “ಎರಡೂ ಸುಳ್ಳು” ಎನ್ನುತ್ತಾರೆ ಟೇಪಣ್ಣ. ಅವರ ಹೆಂಡತಿ ಒಳಗಿನಿಂದಲೇ ತಿದ್ದುತ್ತಾರೆ: “ಮೊದಲನೇದು ನಿಜ. ಕಿಟಕಿ ಅಳೆದ್ರು, ನನ್ನ ಮುಖ ನೋಡಲೇ ಇಲ್ಲ.”

ವಯಸ್ಸು ಅರವತ್ತೆರಡು. ಎಡ ಭುಜ ಬಲಕ್ಕಿಂತ ಎರಡು ಬೆರಳಷ್ಟು ಕೆಳಗೆ. ಹದಿನೆಂಟರಿಂದ ಇಪ್ಪತ್ತಾರರವರೆಗೆ ಐಸ್ ಫ್ಯಾಕ್ಟರಿಯಲ್ಲಿ ಐವತ್ತು ಕಿಲೋದ ಮಂಜುಗಡ್ಡೆಗಳನ್ನು ಹೊತ್ತ ಗುರುತು ಅದು. ಫ್ಯಾಕ್ಟರಿ ಮುಚ್ಚಿದಾಗ ಅಲ್ಲಿನ ಯಂತ್ರಗಳನ್ನು ಬಿಚ್ಚಲು ಬಂದ ಮೆಕ್ಯಾನಿಕ್‌ನ ಹಿಂದೆ ಹೊರಟವರು, ಎಸಿ ಕೆಲಸ ಕಲಿತರು. ಎಸಿಯ ಗಾತ್ರವನ್ನು ಟನ್ನಿನಲ್ಲಿ ಏಕೆ ಹೇಳುತ್ತಾರೆಂದು ಕೇಳಿದರೆ ಅವರು ಮೊದಲು ಮುಟ್ಟಿ ತೋರಿಸುವುದು ಆ ಭುಜವನ್ನೇ.

“ಜನ ಟನ್ ಅಂದ್ರೆ ಯಂತ್ರದ ತೂಕ ಅನ್ಕೊಂಡಿದ್ದಾರೆ. ಅಲ್ಲ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗೋವಾಗ ಎಷ್ಟು ಸೆಕೆ ಕುಡಿಯುತ್ತೋ, ಅಷ್ಟು ಸೆಕೆ ತೆಗೆಯೋ ಶಕ್ತಿ ಅದು. ಹೆಚ್ಚುಕಮ್ಮಿ ಇಪ್ಪತ್ತು ಗಡ್ಡೆ. ಐದು ಟನ್ ಅಂದ್ರೆ ನೂರು ಗಡ್ಡೆ. ನಾನು ಹೊತ್ತವನು, ನನಗೆ ಗೊತ್ತು. ನಾಲ್ಕು ಜನ ಇರೋ ಮನೆಗೆ ನೂರು ಗಡ್ಡೆ ಯಾಕೆ ಬೇಕು ಹೇಳಿ?”

ಬೇರೆಯವರು ಹಳೆಯ ಯಂತ್ರದ ಮೇಲೆ ಅಂಟಿಸಿದ ಪಟ್ಟಿಯನ್ನು ಓದಿ ಹತ್ತು ನಿಮಿಷದಲ್ಲಿ ಗಾತ್ರ ಹೇಳುತ್ತಾರೆ. ಟೇಪಣ್ಣನಿಗೆ ಒಂದು ಮನೆಗೆ ಎರಡೂವರೆ ಗಂಟೆ ಬೇಕು. ಕೋಣೆಗಳ ಉದ್ದಗಲ, ಎತ್ತರ, ಪಶ್ಚಿಮದ ಬಿಸಿಲಿಗೆ ಮುಖ ಮಾಡಿದ ಕಿಟಕಿಗಳು, ಅಟ್ಟದಲ್ಲಿ ಶಾಖ ತಡೆಯಲು ಹಾಸಿದ ಪದರದ ದಪ್ಪ, ಮಲಗುವ ತಲೆಗಳು: ಎಲ್ಲವೂ ಅವರ ಚೀಟಿಗೆ ಬರುತ್ತವೆ. ದಿನಕ್ಕೆ ಎರಡು ಮನೆ, ಹೆಚ್ಚೆಂದರೆ ಮೂರು. ಅಳೆದ ಹತ್ತು ಮನೆಗಳಲ್ಲಿ ನಾಲ್ಕು ಕೈತಪ್ಪುತ್ತವೆ. ದೊಡ್ಡದನ್ನು ಬೇಡುವವರಿಗೆ ಚಿಕ್ಕದನ್ನು ಹೇಳುವವನು ರುಚಿಸುವುದಿಲ್ಲ. ಪ್ರತಿ ಯಂತ್ರದ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಹಾಕಿದ ದಿನ, ಅಳತೆ, ಆಮೇಲಿನ ರಿಪೇರಿಗಳನ್ನು ಬರೆದಿಡುತ್ತಾರೆ. “ಅದರ ಜಾತಕ ಅದರ ಹೊಟ್ಟೇಲೇ ಇರಲಿ ಅಂತ” ಎಂದು ನಗುತ್ತಾರೆ. ಸರಿಯಾಗಿ ಅಳೆದು ಹಾಕಿ, ಫಿಲ್ಟರ್ ಶುಚಿಯಾಗಿಟ್ಟರೆ ಹದಿನೈದು ವರ್ಷ ಬಾಳುವುದು ಸಾಮಾನ್ಯ. ಇಪ್ಪತ್ತು ಕಂಡವೂ ಉಂಟು.

ಅಣ್ಣನ ಮನೆಯದು ಅಂಥದ್ದು. ಹತ್ತೊಂಬತ್ತು ವರ್ಷಗಳ ಹಿಂದೆ ಎರಡೂ ಮನೆಗಳಿಗೆ ಟೇಪಣ್ಣನೇ ಮೂರು ಮೂರು ಟನ್ನಿನವನ್ನು ಹಾಕಿದ್ದರು. ಅಣ್ಣ ಗಡಿಯಾರ ರಿಪೇರಿಯವರು, ಇದ್ದುದರಲ್ಲೇ ಇದ್ದರು. ತಮ್ಮನ ಪೀಠೋಪಕರಣದ ಅಂಗಡಿ ಕೈ ಹಿಡಿಯಿತು. ಅಣ್ಣನಿಗಿಂತ ಒಂದು ಕೈ ಮೇಲಿರಬೇಕೆಂದು, ಕಲ್ಲುಗುಂಡಿನಂತಿದ್ದ ಯಂತ್ರವನ್ನು ಕೀಳಿಸಿ ಐದು ಟನ್ನಿನದನ್ನು ಹಾಕಿಸಿದರು. ಐದನೆಯ ವರ್ಷಕ್ಕೇ ಕಂಪ್ರೆಸರ್ ಸುಟ್ಟಿತು. ಬದಲಿಸಿದ್ದೂ ಈಗ ನರಳುತ್ತಿದೆ. ಶುರುವಾದಾಗಲೆಲ್ಲ ಮನೆಯ ದೀಪಗಳು ಕಣ್ಣು ಮುಚ್ಚಿ ತೆರೆಯುತ್ತವೆ.

“ಈ ಸಲ ಆರು ಟನ್ ಹಾಕಿಬಿಡು ಟೇಪಣ್ಣ” ಎನ್ನುತ್ತ ತಮ್ಮ ಹೊರಬರುತ್ತಾರೆ. “ಐದಕ್ಕೆ ತಾಕತ್ತು ಸಾಲ್ತಿಲ್ಲ.”

ಟೇಪಣ್ಣ ಅಟ್ಟವೇರುತ್ತಾರೆ. ಗಾಳಿಯ ಕೊಳವೆಯೊಳಗೆ ಟಾರ್ಚ್ ಬಿಟ್ಟರೆ ಗೋಡೆಯುದ್ದಕ್ಕೂ ಕಪ್ಪು ಬೂಷ್ಟು, ಮುಟ್ಟಿದರೆ ಬೆರಳಿಗೆ ಮೆತ್ತಿಕೊಳ್ಳುವಷ್ಟು. ಕೆಳಗಿಳಿದು, ಬಿಸಿಲೇರಿದ ಮೇಲೆ ಇಬ್ಬರೂ ಅಣ್ಣತಮ್ಮಂದಿರನ್ನು ಅಂಗಳದಲ್ಲಿ ಕೂರಿಸುತ್ತಾರೆ. ಅಣ್ಣನ ಕೈಗಡಿಯಾರ ಮಧ್ಯದಲ್ಲಿ. ಒಂದು ಗಂಟೆಯಲ್ಲಿ ಅಣ್ಣನ ಯಂತ್ರ ಒಮ್ಮೆಯೂ ನಿಲ್ಲುವುದಿಲ್ಲ. ತಮ್ಮನದು ಎಂಟು ಸಲ ನಿಂತು, ಎಂಟು ಸಲ ಕಿರುಚಿಕೊಂಡು ಏಳುತ್ತದೆ.

“ನೋಡಿದ್ಯಾ ಅಣ್ಣ! ನಂದು ನಾಲ್ಕೇ ನಿಮಿಷಕ್ಕೆ ಕೆಲಸ ಮುಗಿಸಿ ಕೂತ್ಕೊಳ್ಳುತ್ತೆ. ನಿಂದಿನ್ನೂ ಏದುಸಿರು ಬಿಡ್ತಾನೇ ಇದೆ” ಎಂದು ತಮ್ಮ ತೊಡೆ ತಟ್ಟುತ್ತಾರೆ.

“ಯಜಮಾನ್ರೇ, ಯಂತ್ರ ಓಡೋದ್ರಿಂದ ಸಾಯಲ್ಲ” ಎನ್ನುತ್ತಾರೆ ಟೇಪಣ್ಣ. “ಮಲಗಿದವನನ್ನ ಗಂಟೆಗೆ ಎಂಟು ಸಲ ಎಬ್ಬಿಸಿ ಓಡಿಸಿದ್ರೆ ಸಾಯ್ತಾನೆ. ಇನ್ನು, ಗಾಳಿಯೊಳಗಿನ ನೀರು ಇಳೀಬೇಕಾದ್ರೆ ಅದು ಒಂದೇ ಸಮ ಬಹಳ ಹೊತ್ತು ಓಡಬೇಕು. ನಿಮ್ಮದು ಗಾಳಿ ತಣ್ಣಗೆ ಮಾಡಿ ನಿಂತುಬಿಡುತ್ತೆ, ನೀರು ಮನೇಲೇ ಉಳಿಯುತ್ತೆ. ಅದೇ ತೇವ. ಅದೇ ಬೂಷ್ಟು.”

ತಮ್ಮನ ಕೈ ತೊಡೆಯ ಮೇಲೇ ಉಳಿಯುತ್ತದೆ. ಟೇಪಣ್ಣ ತಾವು ಅಟ್ಟದಿಂದ ಬಿಚ್ಚಿ ತಂದಿದ್ದ ಯಂತ್ರದ ಮುಚ್ಚಳವನ್ನು ತಿರುಗಿಸಿ ನೆಲದ ಮೇಲಿಡುತ್ತಾರೆ. ಬಗ್ಗಿ ಓದುವವರು ತಮ್ಮನ ಹೆಂಡತಿ. ಎಂಟು ವರ್ಷಗಳ ಹಿಂದಿನ ತಾರೀಖು, ಅದರ ಕೆಳಗೆ, “ಅಳತೆ ಮೂರು, ಹಾಕಿದ್ದು ಐದು.”

ತಮ್ಮ ಮುಚ್ಚಳದಿಂದ ತಲೆಯೆತ್ತುತ್ತಾರೆ: “ಗೊತ್ತಿದ್ದೂ ಹಾಕಿದ್ಯಾ?”

“ಗೊತ್ತಿದ್ದೂ ಹಾಕಿದೆ. ಒಂದು ಸಲ ಬೇಡ ಅಂದೆ. ನೀವು ಬೇರೆಯವರನ್ನ ಕರೀತೀನಿ ಅಂದ್ರಿ. ಎರಡನೇ ಸಲ ಅನ್ನಲಿಲ್ಲ. ಸುಳ್ಳು ಬರೆಯೋಕೆ ಮಾತ್ರ ಕೈ ಬರಲಿಲ್ಲ.”

“ಯಂತ್ರಕ್ಕೆ ನಿಜ ಹೇಳಿದ್ರಿ” ಎನ್ನುತ್ತಾರೆ ಆಕೆ, ಕೆಮ್ಮನ್ನು ತಡೆದುಕೊಂಡು. “ನನಗೆ ಹೇಳಲಿಲ್ಲ.”

ಮೂವತ್ತು ಚಿಲ್ಲರೆ ಬೇಸಿಗೆಗಳ ಬೈಗುಳ ಕೇಳಿದ ಟೇಪಣ್ಣ ಈ ಒಂದು ಮಾತಿಗೆ ತಲೆ ತಗ್ಗಿಸುತ್ತಾರೆ. ಬಳಿಕ ಅಳತೆಪಟ್ಟಿಯನ್ನು ಜೇಬಿಗೆ ಹಾಕಿ ಏಳುತ್ತಾರೆ. “ತಪ್ಪಾಯ್ತು ತಾಯೀ. ಯಜಮಾನ್ರೇ, ಆರು ಟನ್ನೇ ಬೇಕಂದ್ರೆ ಬೇರೆಯವರನ್ನ ಕರೀರಿ. ನನ್ನ ಕೈಯಿಂದ ಆಗಲ್ಲ.”

ತಮ್ಮನ ನೋಟ ಜಗುಲಿಯ ಕುರ್ಚಿಯಲ್ಲಿರುವ ಹೆಂಡತಿಯ ದಿಂಬಿನ ಮೇಲೆ ನಿಲ್ಲುತ್ತದೆ. ತಗ್ಗಿದ ದನಿಯಲ್ಲಿ ಕೇಳುತ್ತಾರೆ: “ಅಣ್ಣನ ಮನೆಗೆ ಎಷ್ಟು ಸಾಕು ಅಂದೆ?”

“ಮೂರು.”

“ನಮ್ಮನೆಗೆ?”

“ಒಂದೇ ತಾಯಿ ಮಕ್ಕಳಲ್ವಾ ನೀವು. ಮೂರೇ.”

ಅಣ್ಣ ಬೇರೆಡೆ ಮುಖ ತಿರುಗಿಸಿ ನಗುತ್ತಾರೆ. “ಅಳೆ ಮತ್ತೆ” ಎನ್ನುತ್ತಾರೆ ತಮ್ಮ.

ಹತ್ತನೆಯ ದಿನದ ಬೆಳಗಿಗೆ ಕೊಳವೆಗಳು ಹೊಸವು, ಯಂತ್ರ ಹೊಸದು. ಮಂಡಿ ನೋವಿನಿಂದ ಇನ್ನೆಷ್ಟು ಅಟ್ಟ ಹತ್ತಬಲ್ಲೆನೋ ಎನ್ನುವ ಟೇಪಣ್ಣನಿಗೆ ದೊಡ್ಡ ಆಸೆಗಳಿಲ್ಲ. “ನಾನಿಲ್ಲದ ಕಾಲಕ್ಕೆ ಯಾವನೋ ಮುಚ್ಚಳ ತೆಗೀತಾನೆ. ಓದಿ, ಪರವಾಗಿಲ್ಲ, ಇವನು ಅಳೆದಿದ್ದಾನೆ ಅಂದ್ರೆ ಸಾಕು.” ಕಸುಬಿನಲ್ಲಿ ಒಂದೇ ಒಂದನ್ನು ಬದಲಿಸಿಕೊಂಡಿದ್ದಾರೆ: ಮುಚ್ಚಳ ಈಗ ಮನೆಯವರು ಓದಿದ ಮೇಲಷ್ಟೇ ಮೇಲೇರುತ್ತದೆ.

ತಮ್ಮನ ಹೆಂಡತಿ ಕೈ ಒರೆಸಿಕೊಂಡು ಬಂದು, ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದುತ್ತಾರೆ: “ಅಳತೆ ಮೂರು, ಹಾಕಿದ್ದು ಮೂರು.”

“ಈಗ ಮುಚ್ಚಿ ಟೇಪಣ್ಣ.”